ಕೆಂಪು ದಾರದ ಕಲ್ಲಂಗಡಿ

ಬ್ಲೂಮ್‌ಗ್ರಂಟಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸೂಪು ಕಾಯಿಸಿದ ಎರ್ನಾ ವೀಬ್‌ಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಯಾರ ತಲೆಯನ್ನೇ ಆಗಲಿ ಒಮ್ಮೆ ನೋಡಿದರೆ ಸಾಕು, ಅದಕ್ಕೆ ಎಂಥ ಕಲ್ಲಂಗಡಿ ಕೂರುತ್ತದೆಂದು ಹೇಳಿಬಿಡುತ್ತಿದ್ದಳು. ಪಾದ್ರಿಗಳ ತಲೆ ಉದ್ದ, ಅವರಿಗೆ ಮೊಟ್ಟೆಯಾಕಾರದ ಹಣ್ಣು. ಅಂಚೆಯ ಟೀನಾಳದು ಪುಟ್ಟ ತಲೆ, ಅವಳಿಗೆ ಮಕ್ಕಳ ಅಳತೆಯದು. ಹೇಳಿದ್ದು ತಪ್ಪಿದ್ದಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ರೆಜೈನಾದಲ್ಲಿ ನಮ್ಮ ಹಸಿರು ತಂಡಕ್ಕೂ ವಿನಿಪೆಗ್‌ನ ನೀಲಿ ತಂಡಕ್ಕೂ ಚೆಂಡು ಕೈಯಲ್ಲಿ ಹಿಡಿದು ಓಡುವ ಕೆನಡಾದ ಫುಟ್‌ಬಾಲ್ ಪಂದ್ಯ. ನಮ್ಮ ಪ್ರಾಂತ್ಯವಾದ ಸಸ್ಕಾಚೆವಾನಿನಲ್ಲಿ ಹುಟ್ಟಿದವರು ಆ ದಿನ ಕಲ್ಲಂಗಡಿಯ ಒಳಗನ್ನು ಕೆರೆದು, ಚಿಪ್ಪನ್ನು ಟೋಪಿಯ ಹಾಗೆ ತಲೆಗೇರಿಸಿಕೊಂಡು ಕೂರುತ್ತಾರೆ. ಯಾಕೆ ಎಂದು ಕೇಳುವವರು ಬೇರೆ ಊರಿನವರು. ನಮ್ಮೂರಿನಿಂದ ಒಂದು ಬಸ್ಸು ಹೋಗುತ್ತದೆ, ಆ ಬಸ್ಸಿನ ಹದಿನಾಲ್ಕು ತಲೆಗಳಿಗೆ ಇಪ್ಪತ್ತೆರಡು ವರ್ಷಗಳಿಂದ ಟೋಪಿ ಕೊರೆದವಳು ಎರ್ನಾ.

ಅವಳ ಕೆಲಸದಲ್ಲಿ ಒಂದು ಅಚ್ಚುಕಟ್ಟು ಇತ್ತು. ಗುರುವಾರ ಅಂಗಡಿಗೆ ಹೋಗಿ ಹಣ್ಣು ಆರಿಸಿ, ಆಗಲೇ ತೊಟ್ಟಿಗೆ ಉಣ್ಣೆಯ ದಾರ ಕಟ್ಟಿಬಿಡುತ್ತಿದ್ದಳು. ದೊಡ್ಡ ತಲೆಗೆ ಕೆಂಪು, ನಡುತರದ್ದಕ್ಕೆ ಬಿಳಿ, ಸಣ್ಣದಕ್ಕೆ ಹಳದಿ. ಶನಿವಾರ ಬೆಳಗ್ಗೆ ಮೂರರಲ್ಲೊಂದು ಪಾಲು ಕತ್ತರಿಸಿ, ಕಿವಿಗೆ ಎರಡು ಕಚ್ಚು ಹಾಕಿ, ಹಣೆಯ ಮೇಲೆ ನಾಲ್ಕು ಬೆರಳಗಲ ಅಂಚು ಬಿಟ್ಟು, ಚಮಚದಿಂದ ಒಳಗನ್ನು ತೆಗೆಯುತ್ತಿದ್ದಳು. ನೆತ್ತಿಯ ಕಡೆ ಮಾತ್ರ ಒಂದು ಬೆರಳು ದಪ್ಪ ಕೆಂಪು ತಿರುಳನ್ನು ಹಾಗೇ ಬಿಡಬೇಕು. ಅದು ತಲೆಗೆ ಮೆತ್ತೆ, ಬಿಸಿಲಿಗೆ ತಂಪು. ಬೇರೆ ಊರಿನವರು ಪೂರ್ತಿ ಕೆರೆದುಬಿಡುತ್ತಾರೆ, ಆಟ ಅರ್ಧವಾಗುವಷ್ಟರಲ್ಲಿ ತಲೆನೋವು ಎಂದು ಗೊಣಗುತ್ತಾರೆ. ತೆಗೆದ ತಿರುಳಿನಲ್ಲಿ ಒಂದು ತುಂಡನ್ನೂ ಎಸೆಯುವ ಹಾಗಿರಲಿಲ್ಲ. ಶನಿವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಹಿಟ್ಟಿನ ಪಟ್ಟಿಗಳನ್ನು ಲಟ್ಟಿಸಿ ಎಣ್ಣೆಯಲ್ಲಿ ಕರಿಯುತ್ತಿದ್ದರು. ಬಿಸಿ ರೋಲ್‌ಕೂಕನ್, ಜೊತೆಗೆ ತಣ್ಣಗಿನ ಕಲ್ಲಂಗಡಿ, ಅದೇ ಎಲ್ಲರ ಊಟ.

ತಿರುಳು ಎಸೆಯಬಾರದು ಎಂಬುದು ಎರ್ನಾಳ ಅತ್ತೆ ಅಂಗನೇತಾಳ ಕಟ್ಟಪ್ಪಣೆ. ಊರಿಗೆಲ್ಲ ಅವಳು ಓಮಾ, ಅಂದರೆ ಅಜ್ಜಿ. ಎರ್ನಾ ಕೂಡ ಮಕ್ಕಳಾದ ಮೇಲೆ ಹಾಗೇ ಕರೆಯುತ್ತಿದ್ದಳು. ಎಂಬತ್ತಾರರ ಓಮಾಗೆ ಈ ಟೋಪಿಯ ಆಟ ಕಂಡರೆ ಮೈ ಉರಿಯುತ್ತಿತ್ತು. ಅವಳ ತಂದೆತಾಯಿ ರಷ್ಯಾದ ಬರಗಾಲದಲ್ಲಿ ಹುಲ್ಲು ಬೇಯಿಸಿ ತಿಂದು, ಎರಡು ವರ್ಷದ ಅವಳನ್ನು ಎತ್ತಿಕೊಂಡು ಇಲ್ಲಿಗೆ ಬಂದವರು. "ಹೊಟ್ಟೆಗೆ ಹೋಗೋದನ್ನ ತಲೆ ಮೇಲೆ ಇಟ್ಕೋತೀರಲ್ಲ, ನಿಮಗೆ ಹಸಿವು ಅಂದ್ರೇನು ಅಂತ ಗೊತ್ತಿಲ್ಲ," ಎಂದು ವರ್ಷಕ್ಕೊಮ್ಮೆ ಹೇಳಿ ಸುಮ್ಮನಾಗುತ್ತಿದ್ದಳು. ಶನಿವಾರದ ಊಟಕ್ಕೆ ಒಂದು ಸಲವೂ ಬಂದವಳಲ್ಲ.

ಎರ್ನಾಳಿಗೆ ಆ ಮಾತು ನಾಟುತ್ತಿತ್ತು. ಅವಳು ಈ ಸೀಮೆಯವಳಲ್ಲ. ವಿನಿಪೆಗ್‌ನ ಪಕ್ಕದ ಹಳ್ಳಿಯಲ್ಲಿ, ಅಂದರೆ ನೀಲಿ ತಂಡದ ನಾಡಿನಲ್ಲಿ ಹುಟ್ಟಿ, ಇಸಾಕ್ ವೀಬ್‌ನನ್ನು ಮದುವೆಯಾಗಿ ಇತ್ತ ಬಂದವಳು. ಅಲ್ಲಿಯವರು ನಮ್ಮನ್ನು ಕರೆಯುವುದು ಕೂಳೆ ಹಾರುವವರು ಎಂದು. ಗೋಧಿ ಕೊಯ್ದ ಮೇಲೆ ಉಳಿದ ಕೂಳೆಯಲ್ಲಿ ಕಾಲೆತ್ತಿ ಹಾರುತ್ತ ಓಡಾಡುವ ಹಳ್ಳಿಗಮಾರರು ಎಂದು ಅದರ ಅರ್ಥ. ಮದುವೆಯ ದಿನವೇ ಅವಳ ಅಣ್ಣ ಕಾರ್ನಿ, "ನಾಳೆಯಿಂದ ನೀನೂ ಕೂಳೆ ಹಾರೋಳೇ," ಎಂದು ನಗಿಸಿ ಅಳಿಸಿದ್ದ. ಇತ್ತ ಬಂದರೆ ಓಮಾಳ ಬಾಯಲ್ಲಿ ಅವಳು ಮ್ಯಾನಿಟೋಬಾದವಳು, ಅಂದರೆ ಆಚೆ ಪ್ರಾಂತ್ಯದವಳು. ಬೈಗುಳವೇನಲ್ಲ, ಓಮಾ ಸೊಸೆಯನ್ನು ಒಂದು ದಿನವೂ ಬೈದವಳಲ್ಲ. ಆದರೆ ಬೈಸಿಕೊಳ್ಳುವುದಕ್ಕೂ ಒಂದು ಸಲಿಗೆ ಬೇಕಲ್ಲ, ಅದೇ ಇರಲಿಲ್ಲ. ಕಲ್ಲಂಗಡಿ ಕೊರೆಯುವ ಕೆಲಸವನ್ನು ಎರ್ನಾ ಹಚ್ಚಿಕೊಂಡದ್ದೇ ಊರಿನವಳಾಗಬೇಕೆಂದು. ಊರಿನವಳೇನೋ ಆದಳು. ಮನೆಯವಳಾಗುವುದು ಬಾಕಿ ಇತ್ತು.

ಮನೆಯ ಗುಟ್ಟು ಇದ್ದದ್ದು ಬೀಜದಲ್ಲಿ. ಓಮಾಳ ತಾಯಿ ರಷ್ಯಾದಿಂದ ತಂದ ಕಲ್ಲಂಗಡಿಯ ಬೀಜ ಅದು. ಏಪ್ರನ್ನಿನ ಅಂಚಿನಲ್ಲಿ ಹೊಲಿದು ತಂದಳೆಂದು ಚರ್ಚಿನಲ್ಲಿ ಕಥೆ ಹೇಳುತ್ತಿದ್ದರು. ಪ್ರತಿ ವರ್ಷ ಒಂದು ಹಣ್ಣನ್ನು ಬೀಜಕ್ಕೆಂದು ಬಿಟ್ಟು, ಅದರ ಬೀಜ ಒಣಗಿಸಿ, ಮುಂದಿನ ಬೇಸಿಗೆಗೆ ಬಿತ್ತುವುದು. ಹಿಂದೆ ಅರ್ಧ ಊರೇ ಓಮಾಳಿಂದ ಬೀಜ ಒಯ್ದಿತ್ತು. ಅಂಗಡಿಯಲ್ಲಿ ಬೀಜವಿಲ್ಲದ ಹಣ್ಣು ಬಂದ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಉಳಿದದ್ದು ಓಮಾಳ ತೋಟ ಒಂದೇ, ಅದರೊಳಗೆ ಎರ್ನಾ ಕಳೆ ಕೀಳಬಹುದಿತ್ತು, ಬೀಜ ಮುಟ್ಟುವ ಹಾಗಿರಲಿಲ್ಲ.

ಆ ವರ್ಷ ಜೂನಿನ ಹಿಮಕ್ಕೆ ಮೊದಲ ಬಿತ್ತನೆ ಸುಟ್ಟುಹೋಯಿತು. ಓಮಾ ಇಟ್ಟುಕೊಂಡಿದ್ದ ಬೀಜವನ್ನೆಲ್ಲ ತೆಗೆದು ಮತ್ತೆ ಬಿತ್ತಿದಳು. ಜುಲೈಯ ಆಲಿಕಲ್ಲು ಬಳ್ಳಿಗಳನ್ನು ಚಚ್ಚಿಹಾಕಿತು. ಬದುಕಿದ್ದು ಒಂದು ಬಳ್ಳಿ, ಅದರಲ್ಲಿ ಒಂದೇ ಹಣ್ಣು. ಬಳ್ಳಿಯ ಬಲವೆಲ್ಲ ಅದಕ್ಕೇ ಹೋಗಿ ಕುಂಬಳಕಾಯಿಯ ಹಾಗೆ ಊದಿತ್ತು. ಅದನ್ನು ಗೋಣಿಯಿಂದ ಮುಚ್ಚಿ, ಬೆಳಗ್ಗೆ ಸಂಜೆ ಓಮಾ ಹೋಗಿ ನೋಡಿಬರುತ್ತಿದ್ದಳು.

ಪಂದ್ಯದ ಹಿಂದಿನ ಶನಿವಾರ ಎರ್ನಾ ತನ್ನ ಮನೆಯ ತಂಪು ಕೋಣೆಗೆ ಹೋಗಿ ಕೆಂಪು ದಾರದ ಹಣ್ಣನ್ನೇ ಮೊದಲು ಎತ್ತಿಕೊಂಡಳು. ಅದು ಕೆನೆ ಏಬ್‌ನದು. ಏಬ್ ಕ್ಲಾಸೆನ್ ಎಂಬ ಹೆಸರಿನವರು ನಮ್ಮೂರಲ್ಲಿ ನಾಲ್ವರಿದ್ದಾರೆ, ಆದ್ದರಿಂದ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಇವನು ಹಾಲಿನ ಡೇರಿಯವನು, ಬಸ್ಸಿನಲ್ಲೇ ಅತಿ ದೊಡ್ಡ ತಲೆ, ಅತಿ ದೊಡ್ಡ ಗಂಟಲು. ಕತ್ತರಿಸಿದಾಗ ಒಳಗೆ ಕಪ್ಪು ಬೀಜ ಕಂಡವು. ಅಂಗಡಿಯ ರಾಶಿಯಲ್ಲಿ ಒಂದೊಂದು ಸಲ ಬೀಜದ ಹಣ್ಣೂ ಸೇರಿರುತ್ತದೆ ಎಂದುಕೊಂಡು ಅವಳು ಕೆಲಸ ಮುಂದುವರಿಸಿದಳು. ಹದಿನಾಲ್ಕು ಟೋಪಿಯಾದ ಮೇಲೂ ಕೆಂಪು ದಾರದ ಒಂದು ಹಣ್ಣು ಉಳಿಯಿತು. ತಾನೇ ಎಣಿಕೆ ತಪ್ಪಿ ಒಂದಕ್ಕೆ ಹೆಚ್ಚಿಗೆ ದಾರ ಕಟ್ಟಿರಬೇಕು ಎಂದುಕೊಂಡಳು. ಸಂಜೆಯ ಊಟದಲ್ಲಿ ಪಾದ್ರಿಗಳ ಹೆಂಡತಿ ಒಂದು ತುಂಡು ತಿಂದು, "ಇದು ಯಾವ್ದೇ, ನಮ್ಮಜ್ಜಿ ಮನೆ ರುಚಿ ಬಂತು," ಎಂದಳು. ಸಿಪ್ಪೆ, ಬೀಜ ಎಲ್ಲ ಬಕೆಟ್ಟಿಗೆ ಹೋಯಿತು. ಬಕೆಟ್ಟನ್ನು ಎರ್ನಾಳೇ ಕೋಳಿಗಳಿಗೆ ಸುರಿದಳು.

ಭಾನುವಾರ ಪಾದ್ರಿಗಳು ವರ್ಷದಲ್ಲಿ ಆ ಒಂದು ದಿನ ಪ್ರಸಂಗವನ್ನು ಹನ್ನೆರಡು ನಿಮಿಷಕ್ಕೆ ಮುಗಿಸುತ್ತಾರೆ. ಎಂಟೂವರೆಗೆ ಎಲ್ಲರೂ ಬಸ್ಸು ಹತ್ತಿದ್ದರು. ಕೆನೆ ಏಬ್ ಮಾತ್ರ ನಸುಕಿಗೇ ತನ್ನ ಟೋಪಿ, ಸಾಸೇಜು ಸುಡುವ ಒಲೆ ಎಲ್ಲ ಹೇರಿಕೊಂಡು ತನ್ನ ಗಾಡಿಯಲ್ಲಿ ಹೊರಟುಹೋಗಿದ್ದ. ಆಗ ಕಪ್ಪು ತಲೆವಸ್ತ್ರ ಕಟ್ಟಿದ ಓಮಾ ಕೋಲೂರಿಕೊಂಡು ಬಸ್ಸಿನ ಹತ್ತಿರ ಬಂದಳು. ಅವಳು ಹಾಗೆ ಬಂದದ್ದು ಅದೇ ಮೊದಲು. ಎರ್ನಾ ಕಿಟಕಿ ಇಳಿಸಿದಳು.

"ನೋಡು, ರೇಡಿಯೋದಲ್ಲಿ ಹಿಮ ಬೀಳತ್ತೆ ಅಂದ್ರಲ್ಲ, ಅದಕ್ಕೆ ಶುಕ್ರವಾರಾನೇ ಇಸಾಕನ ಕೈಲಿ ಹಣ್ಣು ಕೀಳಿಸ್ದೆ," ಎಂದಳು ಓಮಾ. "ಗುರುತಿಗೆ ಕೆಂಪು ದಾರ ಕಟ್ಟಿ ನಿಮ್ಮ ತಂಪು ಕೋಣೇಲಿ ಇಡ್ಸಿದೀನಿ. ನಾಳೆ ನೀನೇ ಕೊಯ್ಯಿ. ನನ್ನ ಕೈ ನಡುಗತ್ತೆ. ಈ ವರ್ಷದಿಂದ ಬೀಜ ಇಡೋಳು ನೀನು."

ಎರ್ನಾಳಿಗೆ ನಿನ್ನೆ ಕೊರೆದ ಕಪ್ಪು ಬೀಜದ ಹಣ್ಣು ನೆನಪಾಯಿತು. ಮೂವತ್ತನಾಲ್ಕು ವರ್ಷ ಕಾದ ಮಾತು ಅದು. "ಆಗ್ಲಿ ಓಮಾ," ಎಂದಷ್ಟೇ ಬಾಯಿಂದ ಬಂತು. ಬಸ್ಸು ಹೊರಟಿತು.

ಹೈವೇ ಸೇರಿತು. ಆಮೇಲೆ ಪಕ್ಕದಲ್ಲಿ ಕಣ್ಣುಮುಚ್ಚಿ ಕೂತಿದ್ದ ಗಂಡನ ಮೊಣಕೈ ತಿವಿದಳು.

"ಶುಕ್ರವಾರ ತೋಟದಿಂದ ಹಣ್ಣು ಕಿತ್ತಿದ್ಯಾ?"

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಅದನ್ನೇ ಕೊರೆದು ಏಬ್‌ಗೆ ಟೋಪಿ ಮಾಡಿದೀನಿ ಇಸಾಕ್. ಬೀಜ ಎಲ್ಲಾ ಕೋಳಿ ತಿಂದಾಯ್ತು."

ಇಸಾಕ್ ಕಣ್ಣು ಬಿಟ್ಟ. "ಅಮ್ಮಂಗೆ ಹೇಗೆ ಹೇಳ್ತೀಯ?" ಎಂದ. ಹೇಗೆ ಹೇಳ್ತೀವಿ ಎನ್ನಲಿಲ್ಲ, ಹೇಳ್ತೀಯ ಎಂದ. ಎರ್ನಾಳಿಗೆ ಅವನನ್ನು ಅಲ್ಲೇ ಬಸ್ಸಿನಿಂದ ಇಳಿಸಿಬಿಡಬೇಕೆನಿಸಿತು.

ದಾರಿಯಲ್ಲಿ ಡೇವಿಡ್‌ಸನ್ ಊರು ದಾಟುವಾಗ ಅವಳಿಗೆ ಹೊಳೆಯಿತು. ನೆತ್ತಿಯ ಕಡೆ ಒಂದು ಬೆರಳು ತಿರುಳು ಬಿಟ್ಟಿದ್ದಳಲ್ಲ. ಆ ತಿರುಳಿನೊಳಗೆ ಬೀಜ ಇದ್ದೇ ಇರುತ್ತವೆ. ಪ್ರಪಂಚದಲ್ಲಿ ಆ ತಳಿಯ ಬೀಜ ಇನ್ನು ಉಳಿದಿದ್ದರೆ ಕೆನೆ ಏಬ್‌ನ ತಲೆಯ ಮೇಲೆ ಮಾತ್ರ. ಆದರೆ ನಮ್ಮ ಬಸ್ಸಿನವರಿಗೆ ಒಂದು ರೂಢಿ ಇದೆ. ಗೆದ್ದರೆ ಟೋಪಿ ಹಾಕಿಕೊಂಡೇ ಊರಿಗೆ ಬರುವುದು, ಸೋತರೆ ವಾಹನ ನಿಲ್ಲಿಸುವ ಬಯಲಿನ ಗೋಡೆಗೆ ಟೋಪಿಯನ್ನು ಅಪ್ಪಳಿಸುವುದು. ಸೀಗಲ್ ಹಕ್ಕಿಗಳು ಅದಕ್ಕೇ ಕಾದಿರುತ್ತವೆ. ಆಟ ಮುಗಿಯುವುದರೊಳಗೆ ಏಬ್‌ನನ್ನು ಹಿಡಿಯಲೇಬೇಕು. ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಬಸ್ಸು ಊರು ಸೇರುವ ಮೊದಲೇ ಫೋನಿನಲ್ಲಿ ಸುದ್ದಿ ಓಮಾಳ ಕಿವಿಗೆ ಮುಟ್ಟುತ್ತದೆ. ಓಮಾ ಅದನ್ನು ಬೇರೆಯವರ ಬಾಯಿಂದ ಕೇಳಬಾರದು, ತಾನೇ ಹೇಳಬೇಕು.

ಕ್ರೀಡಾಂಗಣದಲ್ಲಿ ಮೂವತ್ತು ಸಾವಿರ ಜನ. ಎಲ್ಲಿ ನೋಡಿದರೂ ಹಸಿರು ಚಿಪ್ಪು. ಏಬ್ ಇಪ್ಪತ್ತು ವರ್ಷಗಳಿಂದ ಬಸ್ಸಿನವರ ಜೊತೆ ಕೂರದೆ, ಮೈದಾನದ ಎದುರು ಬದಿಯಲ್ಲಿ ಎರ್ನಾಳ ಅಣ್ಣ ಕಾರ್ನಿಯ ಪಕ್ಕ ಕೂರುತ್ತಿದ್ದ. ಜಗಳವಾಡಲು ಒಬ್ಬ ನೀಲಿಯವನು ಪಕ್ಕದಲ್ಲೇ ಇರಬೇಕು ಎಂಬುದು ಅವನ ಲೆಕ್ಕ. ಎದುರು ಬದಿಯೆಂದರೆ ಅದೂ ಅರ್ಧ ಮೈಲಿ. ಎರ್ನಾ ಒಂದೊಂದೇ ಮೆಟ್ಟಿಲು ಹತ್ತಿ ಇಳಿದು ಟೋಪಿಗಳನ್ನು ನೋಡುತ್ತ ಹೋದಳು. ತನ್ನ ಕೈಯ ಕಚ್ಚು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಮಿಕ್ಕವರದು ಕಿವಿಯ ಹತ್ತಿರ ಹರಿದಂತೆ ಇರುತ್ತದೆ. ಕೊನೆಗೆ ನಾಲ್ಕು ಭಾಗದ ಆಟದಲ್ಲಿ ಮೂರನೆಯದು ನಡೆಯುವಾಗ ಏಬ್ ಸಿಕ್ಕಿದ.

"ಏಬ್, ಒಂದ್ನಿಮಿಷ ಟೋಪಿ ಕೊಡು."

"ಯಾಕೆ?"

"ಒಳಗೆ ಸರಿ ಮಾಡ್ಬೇಕು."

"ಸರಿಯಾಗೇ ಇದೆ. ತಂಪಾಗಿದೆ. ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು. ಹೋಗಿ ಕೂತ್ಕೋ."

"ಕೊಡೋ ಮಾರಾಯ."

ಏಬ್ ಅವಳನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ. "ಆಟದ ಮಧ್ಯೆ ಟೋಪಿ ತೆಗೆಯೋದಾ? ಮೂರು ಪಾಯಿಂಟು ಮುಂದಿದೀವಿ. ತೆಗೆದ್ರೆ ಸೋಲ್ತೀವಿ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ಬಸ್ಸಿನಲ್ಲಿ ಹೋದವರು ಯಾರೂ ಆಟ ಮುಗಿಯುವ ಮುಂಚೆ ಟೋಪಿ ತೆಗೆದಿದ್ದಿಲ್ಲ, ಮೂಗಿನ ಮೇಲೆ ರಸ ಇಳಿದರೂ ತೆಗೆದಿದ್ದಿಲ್ಲ. ನೀಲಿ ಅಂಗಿ, ನೀಲಿ ಟೊಪ್ಪಿಗೆಯ ಕಾರ್ನಿ ಅತ್ತಲಿಂದ ಬಗ್ಗಿ, "ಮುಗಿದ ಮೇಲೆ ಅದು ನನ್ನದೇ ಕಣೇ ಎರ್ನಾ. ಪಂದ್ಯ ಕಟ್ಟಿದೀವಿ. ನೀವು ಸೋತ್ರೆ ಅದನ್ನ ಗೋಡೆಗೆ ಹೊಡೆಯೋನು ನಾನು," ಎಂದ.

ಎರ್ನಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕಾದು ನೋಡಿದಳು. ನಾಲ್ಕನೆಯ ಭಾಗ ಶುರುವಾಯಿತು. ಕಾಯುವುದರಲ್ಲಿ ಅರ್ಥವಿಲ್ಲ ಎನಿಸಿತು, ಸೋತರೆ ಇವರಿಬ್ಬರ ಗಲಾಟೆಯಲ್ಲಿ ಟೋಪಿ ಒಂದು ಕ್ಷಣವೂ ಉಳಿಯುವುದಿಲ್ಲ. ಅವಳು ಏಬ್‌ನ ಕಿವಿಯ ಕಚ್ಚಿಗೆ ಬಾಯಿಟ್ಟು ಎಲ್ಲ ಹೇಳಿಬಿಟ್ಟಳು. ಹಿಮ, ಆಲಿಕಲ್ಲು, ಕೆಂಪು ದಾರ, ಕೋಳಿ, ಕಿಟಕಿಯ ಹತ್ತಿರ ಓಮಾ ಹೇಳಿದ ಮಾತು. ಹೇಳುತ್ತ ಅತ್ತಳು.

ಕಾರ್ನಿಯೂ ಕೇಳಿಸಿಕೊಂಡ. "ಕೂಳೆ ಹಾರೋರ ತಲೇಲಿ ಬೀಜಾನಾದ್ರೂ ಇದೆ ಅಂತ ಇವತ್ತು ಗೊತ್ತಾಯ್ತು," ಎಂದು ನಕ್ಕ. ತಂಗಿಯ ಮುಖ ನೋಡಿ ನಗು ನಿಲ್ಲಿಸಿದ.

ಏಬ್ ಮೈದಾನ ನೋಡುತ್ತಲೇ ಇದ್ದ. "ನಮ್ಮಮ್ಮನ ಹತ್ರಾನೂ ಇತ್ತು ಆ ಬೀಜ," ಎಂದ. "ಓಮಾನೇ ಕೊಟ್ಟಿದ್ದು. ಅಮ್ಮ ಸತ್ತ ವರ್ಷ ಡ್ರಾಯರ್ ಸಮೇತ ಸುಟ್ಟುಹಾಕ್ದೆ. ಹಳೇ ಕಾಗದದ ಪೊಟ್ಟಣ, ಏನೋ ಕಸ ಅಂದ್ಕೊಂಡೆ." ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಹಸಿರು ಇನ್ನೂ ಮೂರು ಪಾಯಿಂಟು ಮುಂದಿತ್ತು. ಅವನು ಎರಡೂ ಕೈಯಿಂದ ಟೋಪಿ ಎತ್ತಿ, ಮೈದಾನದ ಕಡೆ ನೋಡದೆ ಅವಳ ಮಡಿಲಲ್ಲಿಟ್ಟ. ಬೋಳು ತಲೆ ಹಣ್ಣಿನ ರಸದಿಂದ ಮಿರಮಿರ ಮಿನುಗುತ್ತಿತ್ತು.

ಎರ್ನಾ ತಲೆಗೂದಲ ಪಿನ್ನಿನಿಂದ ಅಲ್ಲೇ ತಿರುಳು ಬಗೆದಳು. ಬಲಿತ ಕಪ್ಪು ಬೀಜ ಏಳು ಸಿಕ್ಕವು. ಎಂಟನೆಯದು ಬಿಳಿ, ಜೊಳ್ಳು. ಮತ್ತೆ ಮತ್ತೆ ಬೆರಳಾಡಿಸಿದಳು, ಏಳೇ. ಅವನ್ನು ಕರವಸ್ತ್ರದಲ್ಲಿ ಗಂಟು ಹಾಕುವಷ್ಟರಲ್ಲಿ ಸುತ್ತಲೂ ಮೂವತ್ತು ಸಾವಿರ ಜನ ಒಟ್ಟಿಗೆ ನರಳಿದ್ದು ಕೇಳಿಸಿತು. ನೀಲಿಯವನೊಬ್ಬ ಚೆಂಡು ಹಿಡಿದು ಕೊನೆಯ ಗೆರೆ ದಾಟಿದ್ದ. ಹಸಿರು ಸೋತಿತು.

ತಿರುಳೆಲ್ಲ ಬಗೆದ ಟೋಪಿ ಆಗಲೇ ಎರಡು ಹೋಳಾಗಿತ್ತು. ಒಡೆಯಲು ಕಾರ್ನಿಗೆ ಏನೂ ಉಳಿದಿರಲಿಲ್ಲ. "ಪಂದ್ಯ ಅಂದ್ರೆ ಪಂದ್ಯ. ಒಡೆಯಕ್ಕೆ ಟೋಪಿ ಇಲ್ದಿದ್ರೆ ನನ್ನ ಟೊಪ್ಪಿಗೆ ಹಾಕ್ಕೊಂಡು ಹೋಗು," ಎಂದು ಅವನು ತನ್ನ ನೀಲಿ ಟೊಪ್ಪಿಗೆ ತೆಗೆದು ಏಬ್‌ನ ತಲೆಗೆ ಇಟ್ಟ. ಏಬ್ ಬೇಡವೆನ್ನಲಿಲ್ಲ.

ಬಸ್ಸಿನ ಹತ್ತಿರ ಹದಿಮೂರು ಟೋಪಿ ಗೋಡೆಗೆ ಬಡಿದಿದ್ದವು. ಕೆಂಪು ರಸದ ಮಧ್ಯೆ ನಿಂತವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. "ಯಾರೋ ತೆಗ್ದಿರ್ಬೇಕು. ಕೊನೇ ನಾಲ್ಕು ನಿಮಿಷದಲ್ಲಿ ಹೀಗಾಗೋದಂದ್ರೇನು," ಎಂದು ಅಂಚೆಯ ಟೀನಾ ಹೇಳುತ್ತಿರುವಾಗಲೇ ಏಬ್ ನೀಲಿ ಟೊಪ್ಪಿಗೆ ಹಾಕಿಕೊಂಡು ಬಂದ. ಎಲ್ಲರೂ ಅವನ ತಲೆಯನ್ನೇ ನೋಡಿದರು.

"ತಲೆ ನೋಯ್ತಿತ್ತು. ತೆಗ್ದೆ," ಎಂದ ಏಬ್.

ಎರ್ನಾ ಬಾಯಿ ತೆರೆದಳು. ಏಬ್ ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ, ಸಾಸೇಜಿನ ಒಲೆಯನ್ನು ಗಾಡಿಗೆ ಎತ್ತಿಹಾಕಿ ಹೊರಟುಹೋದ. ಅಂದಿನಿಂದ ಅವನು ಕೆನೆ ಏಬ್ ಅಲ್ಲ, ನೀಲಿ ಏಬ್. ಹಾಲು ಕೊಳ್ಳಲು ಬಂದ ಮಕ್ಕಳೂ ಹಾಗೇ ಕರೆದರು. ನಮ್ಮೂರಲ್ಲಿ ಅಡ್ಡಹೆಸರು ಬದಲಾಗುವುದು ಅಪರೂಪ, ಬದಲಾದರೆ ಗೋರಿಯವರೆಗೂ ಬಿಡುವುದಿಲ್ಲ.

ಸೋಮವಾರ ಬೆಳಗ್ಗೆ ಎರ್ನಾ ಅಂಗಳ ದಾಟಿ ಓಮಾಳ ಪುಟ್ಟ ಮನೆಗೆ ಹೋದಳು. ಓಮಾ ಮೇಜಿನ ಮೇಲೆ ಚಾಕು, ಬಟ್ಟಲು, ಹಳೇ ಪತ್ರಿಕೆ ಎಲ್ಲ ಜೋಡಿಸಿಟ್ಟುಕೊಂಡು ಕೂತಿದ್ದಳು.

"ಹಣ್ಣೆಲ್ಲಿ?"

"ಹಣ್ಣಿಲ್ಲ ಓಮಾ. ಗೊತ್ತಿಲ್ದೆ ನಾನೇ ಟೋಪಿ ಮಾಡ್ಬಿಟ್ಟೆ. ಅಷ್ಟೇ ಉಳಿದಿರೋದು." ಕರವಸ್ತ್ರದ ಗಂಟು ಬಿಚ್ಚಿ ಪತ್ರಿಕೆಯ ಮೇಲೆ ಇಟ್ಟಳು. ಎಲ್ಲವನ್ನೂ ಹೇಳಿದಳು, ಏಬ್‌ನ ವಿಷಯವನ್ನೂ ಬಿಡಲಿಲ್ಲ. ಬೈಯಲಿ, ಈಗಲಾದರೂ ಬೈಯಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

ಓಮಾ ಬೈದಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಬಾಯಿ ತುಂಬ ಬೈದಳು. ಕಣ್ಣು ಎಲ್ಲಿಟ್ಟಿದ್ದೆ ಎಂದಳು, ಬುದ್ಧಿ ಎಲ್ಲಿಟ್ಟಿದ್ದೆ ಎಂದಳು, ಮಗನನ್ನೂ ಸೇರಿಸಿ ಇಬ್ಬರಿಗೂ ಒಂದೇ ಮೆದುಳು ಎಂದಳು. ಆಮೇಲೆ ದಣಿದು, ಕನ್ನಡಕ ಹಾಕಿಕೊಂಡು ಬೀಜಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಸರಿಸಿ ನೋಡಿದಳು.

"ಯಾರ ತಲೆ ಮೇಲಿತ್ತು ಅಂದೆ?"

"ಕೆನೆ ಏಬ್‌ನ ತಲೆ ಮೇಲೆ."

ಓಮಾ ತನ್ನ ತಲೆವಸ್ತ್ರದ ಮೇಲೆ ಕೈಯಿಟ್ಟಳು. "ನಮ್ಮಮ್ಮ ತಂದಿದ್ದೂ ತಲೆ ಮೇಲೇ," ಎಂದಳು.

"ಏಪ್ರನ್ನಿನ ಅಂಚಲ್ಲಿ ಅಂತಾರಲ್ಲ?"

"ಅಂಚೆಲ್ಲಾ ಗಡೀಲಿ ಸಿಪಾಯಿಗಳು ಹರಿದು ನೋಡಿದ್ರು. ನನ್ನ ಬೊಂಬೆ ಹೊಟ್ಟೇನೂ ಸೀಳಿದ್ರಂತೆ. ಅಮ್ಮಂಗೆ ಜ್ವರ ಬಂದು ತಲೆ ಬೋಳಿಸಿದ್ರು. ಬೀಜಾನ ತಲೆವಸ್ತ್ರದ ಮಡಿಕೇಲಿ ಹೊಲ್ಕೊಂಡಿದ್ಲು. ಹೇನು ಇರತ್ತೆ ಅಂತ ಯಾರೂ ಮುಟ್ಟಲಿಲ್ಲ. ಹೇನಿನ ಮಾತನ್ನ ಚರ್ಚಲ್ಲಿ ಹೇಳಕ್ಕಾಗತ್ತಾ? ಅದಕ್ಕೆ ಏಪ್ರನ್ ಅಂದ್ಲು. ನಾನೂ ಅಂದೆ." ಬೀಜಗಳನ್ನು ಮತ್ತೆ ಎಣಿಸಿದಳು. "ಅವಳು ತಂದಿದ್ದು ಹನ್ನೊಂದು. ಹುಟ್ಟಿದ್ದು ನಾಲ್ಕು."

ಓಮಾ ಬೀಜಗಳನ್ನು ಕರವಸ್ತ್ರಕ್ಕೆ ಹಾಕಿ, ಗಂಟು ಕಟ್ಟಿ, ಸೊಸೆಯ ಕೈಗೆ ತಳ್ಳಿದಳು. "ಬೀಜ ಇಡೋಳು ನೀನು ಅಂದಿದ್ನಲ್ಲ. ಇಡು. ಕಿಟಕಿ ಹತ್ರ ಇಡ್ಬೇಡ, ಇಲಿ ಬರತ್ತೆ."

ಮರುವರ್ಷ ಏಳರಲ್ಲಿ ಐದು ಹುಟ್ಟಿದವು. ಮೊದಲ ಹಣ್ಣನ್ನು ಬೀಜಕ್ಕೆ ಬಿಟ್ಟು, ಎರಡನೆಯದನ್ನು ಎರ್ನಾ ಏಬ್‌ನ ಮನೆಗೆ ಕೊಟ್ಟುಬಂದಳು. ಮೂರನೆಯದನ್ನು ಓಮಾ ಶನಿವಾರದ ಊಟಕ್ಕೆ ತಾನೇ ಎತ್ತಿಕೊಂಡು ಬಂದಳು, ಬಂದು ಎಲ್ಲರೆದುರು ಹೇನಿನ ಕಥೆ ಹೇಳಿದಳು. ಟೋಪಿಯ ಹಣ್ಣುಗಳಲ್ಲಿ ದೊಡ್ಡ ತಲೆಯವಕ್ಕೆ ಆ ವರ್ಷದಿಂದ ನೀಲಿ ದಾರ. ನೀಲಿ ಯಾಕೆ, ಸೋಲಿನ ಬಣ್ಣ ಅಲ್ಲವೇ ಎಂದು ಟೀನಾ ಕೇಳಿದಾಗ ಎರ್ನಾ, "ಅದು ಏಬ್‌ನ ಬಣ್ಣ," ಎಂದಳು.